ಸಾಹೇಬರ ಒಂದು ಮಾತು

"ನಿಮ್ಮ ಸಾಹೇಬ್ರು ಎಲ್ಲೆ ಕುಂದರ್ತಾರಪಾ?" ಎಂದು ಮುದಕಪ್ಪ ಮತ್ತೆ ಕೇಳಿದ.

ಮೊದಲ ಸಲ ಈ ಪ್ರಶ್ನೆ ಬಂದಾಗ ಮಾಳಿಂಗರಾಯ "ಚಾ ಹೇಳ್ಲೇನ್ರಿ?" ಎಂದು ತೇಲಿಸಿಬಿಟ್ಟಿದ್ದ. ಈಗ ಚಹಾ ಬಂದು, ಕುಡಿದು, ಖಾಲಿ ಕಪ್ಪುಗಳೂ ಒಳಗೆ ಹೋಗಿದ್ದವು. ನವನಗರದ ಬಸ್ ನಿಲ್ದಾಣದ ಹಿಂದಿನ ರಸ್ತೆ. ನಜೀರಸಾಬನ ಹೋಟೆಲ್ಲಿನ ಮುಂದೆ ಬೇವಿನ ಮರ. ಮರದ ಕೆಳಗೆ ಮಾಳಿಂಗರಾಯ ಹೋಟೆಲ್ಲಿನಿಂದ ಕೇಳಿ ತಂದಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಒಂದರಲ್ಲಿ ಮುದಕಪ್ಪ, ಇನ್ನೊಂದರಲ್ಲಿ ಅವನ ಅಕ್ಕ ರಂಗವ್ವ. ಇಬ್ಬರೂ ಬಾದಾಮಿ ಕಡೆಯ, ಶಿವಯೋಗ ಮಂದಿರದ ಆಚೆಯ ಹಳ್ಳಿಯವರು, ಬೆಳಗಿನ ಬಸ್ಸಿಗೆ ಬಂದಿದ್ದರು. ಮುದಕಪ್ಪನ ಮಗಳು ಸವಿತಾಳನ್ನು ಈ ಹುಡುಗನಿಗೆ ಕೊಡಬಹುದೋ ಇಲ್ಲವೋ ಎಂದು ವಿಚಾರಿಸುವುದು ಅವರು ಬಂದ ಕೆಲಸ.

"ಇಲ್ಲೆ ಯಾರೂ ಕುಂದರೂದಿಲ್ರಿ ಕಾಕಾರ," ಎಂದ ಮಾಳಿಂಗರಾಯ. "ಎಲ್ಲಾ ಫೋನಿನ್ಯಾಗ ಬರ್ತೈತ್ರಿ."

"ಫೋನಿನ್ಯಾಗ ಬರ್ಲಿ," ಎಂದಳು ರಂಗವ್ವ. "ಫೋನ್ ಮಾಡಾವ್ರು ಎಲ್ಲೋ ಒಂದ್ ಕಡೆ ಕುಂತಿರಬೇಕಲ್ಲೋ ತಮ್ಮಾ?"

ಮುದುಕಿಯ ಮಾತು ನ್ಯಾಯವಾಗಿಯೇ ಇತ್ತು. ಮನೆಮನೆಗೆ ಊಟ, ಔಷಧ ಮುಟ್ಟಿಸುವ ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಳಿಂಗರಾಯನೂ ಹಾಗೆಯೇ ಅಂದುಕೊಂಡಿದ್ದ. ಅದಕ್ಕೆ ಮೊದಲು ಅವನು ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಹಾಕುತ್ತಿದ್ದ. ಅಲ್ಲಿ ಮಾಲೀಕರಿದ್ದರು, ಬೈಯುತ್ತಿದ್ದರು, ಹಬ್ಬಕ್ಕೆ ಅಂಗಿ ಬಟ್ಟೆ ಕೊಡುತ್ತಿದ್ದರು. ಆಮೇಲೆ ಹೊರದೇಶದಿಂದ ಹಡಗಿನಲ್ಲಿ ಬಂದ ಉದ್ದನೆಯ ಯಂತ್ರವೊಂದನ್ನು ಕೂರಿಸಿದರು. ಈ ಕಡೆಯಿಂದ ಒರಟು ಹಾಸುಗಲ್ಲು ತಳ್ಳಿದರೆ ಆ ಕಡೆಯಿಂದ ಮುಖ ಕಾಣುವ ಕಲ್ಲು ಹೊರಬರುತ್ತಿತ್ತು. ಗುಂಡಿ ಒತ್ತಲು ಒಬ್ಬನನ್ನು ಇಟ್ಟುಕೊಂಡು ಉಳಿದವರಿಗೆ ಮಾಲೀಕರು ಕೈಮುಗಿದರು. ಕೆಲಸದಿಂದ ತೆಗೆಯುವಾಗಲೂ ಎದುರಿಗೆ ಒಬ್ಬ ಮನುಷ್ಯ ನಿಂತಿದ್ದ ಎಂಬುದು ದೊಡ್ಡ ಮಾತು ಎಂದು ಮಾಳಿಂಗರಾಯನಿಗೆ ಆಗ ಅನಿಸಿರಲಿಲ್ಲ.

ಈ ಕೆಲಸದಲ್ಲೂ ಮೊದಮೊದಲು ಕಂಪನಿಯ ಕಡೆಯಿಂದ ಶೈಲಾ ಎಂಬ ಹುಡುಗಿ ಬರುತ್ತಿದ್ದಳು. ಹುಡುಗರನ್ನು ಇದೇ ಬೇವಿನ ಕೆಳಗೆ ಸೇರಿಸಿ, ಯಾರಿಗೆ ಅಂಗಿ ಬಂದಿಲ್ಲ, ಯಾರಿಗೆ ಹೆಲ್ಮೆಟ್ ಇಲ್ಲ ಎಂದು ಕೇಳಿ ಹೋಗುತ್ತಿದ್ದಳು. ಈ ಹುಡುಗರನ್ನು ನೋಡಿಕೊಳ್ಳಲು ಮನುಷ್ಯರೇಕೆ ಬೇಕು ಎಂದು ಕಂಪನಿಗೆ ಅನಿಸಿತೋ ಏನೋ, ಅವಳೂ ಹೋದಳು. ನಿನ್ನೆ ಮಾಳಿಂಗರಾಯ ಅವಳಿಗೆ ಫೋನ್ ಮಾಡಿ, ಹೆಣ್ಣಿನ ಕಡೆಯವರು ಬರುತ್ತಾರೆ, ಒಂದು ಮಾತು ಹೇಳಿಹೋಗಿ ಎಂದು ಕೇಳಿದ್ದ. "ನಾ ಹುಬ್ಬಳ್ಳ್ಯಾಗ ಕೆಲಸ ಹುಡುಕಾಕತ್ತೇನೋ ಮಾರಾಯಾ. ನನ್ನ ಬಗ್ಗೆ ಯಾರರ ಒಂದ್ ಮಾತು ಹೇಳಾವ್ರು ಇದ್ರ ನೀನ ಹೇಳು," ಎಂದಿದ್ದಳು.

ಮುದಕಪ್ಪನದು ಕುರಿ ಸಾಕುವ ಮನೆತನ. ಹುಡುಗನ ವಿಚಾರಣೆ ಅವರಲ್ಲಿ ಹಿಂದಿನಿಂದ ಒಂದೇ ಬಗೆ. ಹುಡುಗನ ಮನೆಯಲ್ಲಿ ಕೇಳುವುದಿಲ್ಲ. ಹೆತ್ತವರು ಹೊಗಳದೆ ಇನ್ನೇನು ಮಾಡುತ್ತಾರೆ? ಅವನ ಕುರಿಗಳು ಯಾರ ಹೊಲದಲ್ಲಿ ಗೊಬ್ಬರಕ್ಕೆಂದು ಬೀಡುಬಿಟ್ಟಿದ್ದವೋ ಆ ಹೊಲದ ಒಡೆಯನ ಹತ್ತಿರ ಹೋಗಿ, "ಹುಡುಗ ಹೆಂಗ್ರಿ?" ಎಂದು ಕೇಳುವುದು. ಹುಡುಗ ಕುಡಿದು ಮಲಗಿ ಕುರಿಯನ್ನು ಬೆಳೆಗೆ ಬಿಡುವವನೋ, ರಾತ್ರಿ ಎದ್ದು ಮಂದೆಯನ್ನು ಸುತ್ತುವವನೋ, ಆ ಒಡೆಯನಿಗಲ್ಲದೆ ಬೇರೆ ಯಾರಿಗೆ ಗೊತ್ತು? ಈಗ ಹುಡುಗರು ಕುರಿ ಬಿಟ್ಟು ಎಲ್ಲೆಲ್ಲೋ ಹೊಕ್ಕಿದ್ದಾರೆ. ಕೇಳುವ ಜಾಗ ಬದಲಾಗಿದೆ, ಕೇಳುವುದು ನಿಂತಿಲ್ಲ. ಹೋದ ವಾರವಷ್ಟೇ ಮುದಕಪ್ಪ ಕೆರೂರ ಕಡೆಯ ಇನ್ನೊಬ್ಬ ಹುಡುಗನನ್ನು ವಿಚಾರಿಸಿ ಬಂದಿದ್ದ. ಅವನು ಗುತ್ತಿಗೆಯ ಮೇಲೆ ಒಂದು ಕಚೇರಿಯ ಜೀಪು ಓಡಿಸುತ್ತಿದ್ದ. ಅವನ ಸಾಹೇಬರು ಮುದಕಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, "ಹುಡುಗ ನಂಬಿಗಸ್ಥ ಅದಾನ, ಕಣ್ಣು ಮುಚ್ಚಿ ಕೊಡ್ರಿ" ಎಂದಿದ್ದರು. ಅಲ್ಲಿಗೆ ಆ ಕಡೆಯ ಮಾತು ಗಟ್ಟಿಯಾಗಿತ್ತು.

ಆದರೆ ಸವಿತಾ ಒಪ್ಪಲಿಲ್ಲ. ಅವಳು ವಿದ್ಯಾಗಿರಿಯ ಒಂದು ಔಷಧ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮಾಳಿಂಗರಾಯ ಅಲ್ಲಿಂದ ಗುಳಿಗೆಯ ಪೊಟ್ಟಣ ಒಯ್ಯುತ್ತಿದ್ದವನು, ಒಯ್ಯುವ ಪೊಟ್ಟಣ ಇಲ್ಲದ ದಿನವೂ ಅಲ್ಲಿಗೆ ಹೋಗತೊಡಗಿದ್ದ. ಅವಳು ಅಪ್ಪನ ಮುಂದೆ ನಿಂತು, "ಇವನನ್ನೂ ಒಮ್ಮೆ ವಿಚಾರಿಸಪ್ಪಾ. ಅವನ ಮ್ಯಾಲಿನಾವ್ರು ಬ್ಯಾಡ ಅಂದ್ರ ನಾ ತುಟಿ ಪಿಟ್ ಅನ್ನೂದಿಲ್ಲ" ಎಂದಳು. ಪಾಪ, ಮಗಳು ತಾನೇ ಷರತ್ತು ಹಾಕಿಕೊಂಡಿದ್ದಳು. ಅವನ ಮೇಲಿನವರು ಯಾರೆಂದು ಅವಳೂ ಯೋಚಿಸಿರಲಿಲ್ಲ.

ಹೋಟೆಲ್ಲಿನ ಗಲ್ಲೆಯಲ್ಲಿ ರೊಕ್ಕ ಎಣಿಸುತ್ತ ಕೂತಿದ್ದ ನಜೀರಸಾಬ ಇವರ ಮಾತು ಕೇಳಿಸಿಕೊಂಡು ಹೊರಗೆ ಬಂದ. "ಹುಡುಗನ ಬಗ್ಗೆ ನಾ ಹೇಳ್ತೇನ್ರಿ ಹಿರ್ಯಾರ. ಭಾಳ ಛಲೋ ಹುಡುಗ. ಒಂದ್ ದಿನ ತಂಟೆ ತಕರಾರು ಇಲ್ಲ."

ಮುದಕಪ್ಪ ಅವನಿಗೆ ಕೈಮುಗಿದ. "ನಿಮ್ಮ ಮಾತು ಖರೆ ಇರ್ಬೇಕ್ರಿ. ಆದ್ರ ಅಂವ ತಪ್ಪು ಮಾಡಿದ್ರ ನೀವು ಬೈತೀರೇನ್ರಿ?"

"ನಾ ಯಾಕ್ ಬೈಲಿ? ಅಂವೇನು ನನ್ನ ಕೈಕೆಳಗಿನಾಂವ ಅಲ್ಲ."

"ಬೈಯೂ ಹಕ್ ಇದ್ದಾವ್ರ ಮಾತು ಬೇಕ್ರಿ ನನಗ. ಒಂದ ಮಾತು."

ಮಾಳಿಂಗರಾಯ ಫೋನ್ ತೆಗೆದು ತನಗೆ ಸಿಕ್ಕ ಚುಕ್ಕಿಗಳನ್ನು ತೋರಿಸಿದ. ಊಟ ತರಿಸಿಕೊಂಡವರು ಮೆಚ್ಚಿ ಕೊಟ್ಟದ್ದು, ಐದರಲ್ಲಿ ಐದಕ್ಕೆ ತುಸುವೇ ಕಡಿಮೆ ಎಂದು ವಿವರಿಸಿದ. ಮುದಕಪ್ಪ ಫೋನನ್ನು ಬಿಸಿಲಿಗೆ ಮರೆಮಾಡಿಕೊಂಡು ನೋಡಿದ. "ಇವನ್ನ ಕೊಟ್ಟಾವ್ರು ಯಾರು? ಹೆಸರು ಹೇಳು, ಅವ್ರ ಮನಿಗೇ ಹೋಗಿ ಕೇಳ್ತೇನಿ." ಹೆಸರು ಮಾಳಿಂಗರಾಯನಿಗೆ ಗೊತ್ತಿರಲಿಲ್ಲ. ಊಟ ಮುಟ್ಟಿಸಿದ ಮೇಲೆ ಹೆಸರೂ ಫೋನ್ ನಂಬರೂ ಪರದೆಯಿಂದ ಅಳಿಸಿಹೋಗುತ್ತವೆ.

"ಇರ್ಲಿ ಬಿಡು," ಎಂದ ಮುದಕಪ್ಪ. ಅವನು ಕೆಟ್ಟವನಲ್ಲ, ಮಗಳ ಮನಸ್ಸು ಎಲ್ಲಿದೆ ಎಂಬುದೂ ಅವನಿಗೆ ಗೊತ್ತಿತ್ತು. "ನೀ ಕೆಲಸ ಮಾಡು. ನಾವು ಇಲ್ಲೆ ಕುಂತು ನೋಡ್ತೇವಿ. ನಿಮ್ಮ ಸಾಹೇಬ್ರ ಫೋನ್ ಬಂದಾಗ ನನ್ನ ಕೈಯಾಗ ಕೊಡು."

ಹಾಗೆಂದು ನಡುವಿಗೆ ಸಿಕ್ಕಿಸಿದ್ದ ಚೀಲ ಬಿಚ್ಚಿದ. ಬೀರಪ್ಪನ ಗುಡಿಯಿಂದ ಬೆಳಿಗ್ಗೆ ತಂದ ಭಂಡಾರವಿತ್ತು ಅದರಲ್ಲಿ. ಅರಿಸಿನದ ಪುಡಿಯನ್ನು ಅಂಗೈಯಲ್ಲಿ ತೆಗೆದು ಮಾಳಿಂಗರಾಯನ ಹಣೆಗೆ, ಎರಡೂ ಕೆನ್ನೆಗೆ, ಗದ್ದದವರೆಗೆ ಬಳಿದ. ಮುದಕಪ್ಪನ ಮನೆತನದಲ್ಲಿ ಹೆಣ್ಣಿನ ಮಾತು ಶುರುವಾಗುವುದು ಹೀಗೆ. ಮಾತು ಮುಗಿದು ಹಿರಿಯರು ಏಳುವತನಕ ಭಂಡಾರ ಮುಖದ ಮೇಲಿರಬೇಕು. ನಡುವೆ ಒರೆಸಿದರೆ ದೇವರೇ ಬೇಡವೆಂದ ಹಾಗೆ. ಮಾತು ಅಲ್ಲಿಗೆ ಮುರಿಯಿತು. ಸವಿತಾ ಹಿಂದಿನ ದಿನ ಫೋನಿನಲ್ಲಿ ಇದನ್ನೇ ಹೇಳಿದ್ದಳು. "ಏನರ ಆಗ್ಲಿ, ಒರಸ್ಕೋಬ್ಯಾಡ. ಊಟದ ಹೊತ್ತಿಗೆ ನಾನೂ ಬರ್ತೇನಿ. ನಿನ್ನ ಅರಿಸಿಣ ಮಾರಿ ನೋಡಬೇಕು ನಾ."

ಅಷ್ಟರಲ್ಲಿ ಫೋನ್ ಕೂಗಿತು. ಮಾಳಿಂಗರಾಯನ ಎದೆ ಹಗುರಾಯಿತು. ಹಿರಿಯರ ಮುಂದೆ ಕೆಲಸವೊಂದು ತಾನಾಗಿ ನಡೆದು ಬಂದಿತ್ತು. ಒತ್ತಿದ. ಆದರೆ ಊಟದ ಆರ್ಡರ್ ಕಾಣುವ ಬದಲು ಪರದೆಯಲ್ಲಿ ಒಂದು ದುಂಡನೆಯ ಗೆರೆ ಮೂಡಿತು. ನಿಮ್ಮ ಮುಖವನ್ನು ಈ ವೃತ್ತದೊಳಗೆ ಇರಿಸಿ, ಎಂದಿತು. ಕೆಲವರು ತಮ್ಮ ಹೆಸರಿನ ಕೆಲಸವನ್ನು ತಮ್ಮಂದಿರಿಗೋ ಗೆಳೆಯರಿಗೋ ಕೊಟ್ಟು ಓಡಿಸುತ್ತಾರೆಂದು ಕಂಪನಿ ಆಗಾಗ ಹೀಗೆ ಮುಖ ಕೇಳುತ್ತಿತ್ತು. ಯಾವಾಗ ಕೇಳುತ್ತದೆ ಎಂದು ಹೇಳುವಂತಿರಲಿಲ್ಲ.

ಅವನು ಫೋನ್ ಎತ್ತಿ ಹಿಡಿದ. ಪರದೆಯಲ್ಲಿ ಹಳದಿ ಮುಖವೊಂದು ಅವನನ್ನೇ ನೋಡಿತು. ಮುಖ ಹೊಂದುತ್ತಿಲ್ಲ, ಮತ್ತೆ ಪ್ರಯತ್ನಿಸಿ, ಎಂದಿತು ಫೋನು.

ಪಕ್ಕದಲ್ಲಿ ಗಾಡಿಯ ಮೇಲೆ ಕುಳಿತಿದ್ದ ಯಾಸೀನ ಇಳಿದು ಬಂದ. ಅವನೂ ಇದೇ ಕೆಲಸದವನು. ಪರದೆ ನೋಡಿದವನೇ ಕಿವಿಯಲ್ಲಿ, "ಒರಸ್ಕೋ ಲೇ! ಮಾರಿ ತೊಳ್ಕೊಂಡು ತಗಿ. ತಪ್ಪಿದ್ರ ಕೆಲಸ ಕಟ್ ಮಾಡ್ತಾರ," ಎಂದ.

"ಒರಸೂ ಹಂಗಿಲ್ಲೋ."

"ಯುವರಾಜಂದು ನೆನಪೈತಿಲ್ಲ?"

ನೆನಪಿತ್ತು. ಇವರ ಜೊತೆಗೇ ಗಾಡಿ ಓಡಿಸುತ್ತಿದ್ದ ಯುವರಾಜ ತಲೆ ಬೋಳಿಸಿಕೊಂಡು ಬಂದ ದಿನ ಅವನ ಮುಖ ಹೊಂದಿರಲಿಲ್ಲ. ವಿಚಾರಿಸಿ ತಿಳಿಸುತ್ತೇವೆ ಎಂದ ಕಂಪನಿ ಇನ್ನೂ ವಿಚಾರಿಸುತ್ತಲೇ ಇದೆ. ಅವನು ಈಗ ಗೋವೆಯಲ್ಲಿ ಮೀನಿನ ಬುಟ್ಟಿ ಹೊರುತ್ತಾನೆ.

ಮಾಳಿಂಗರಾಯ "ಬಂದೆ ತಡೀರಿ," ಎಂದು ಹೇಳಿ ಹೋಟೆಲ್ಲಿನ ಹಿಂದಿನ ನಲ್ಲಿಯ ಕಡೆ ನಡೆದ. ತೊಳೆದು, ಫೋಟೋ ತೆಗೆದು, ಹೋಟೆಲ್ಲಿನ ಅರಿಸಿನವನ್ನೇ ಇಷ್ಟು ಬಳಿದುಕೊಂಡರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಅವನಿಗೂ ಬಂದಿತ್ತು. ದೇವರಿಗೆ ಗೊತ್ತಾಗುತ್ತದೆ ಎಂಬ ಅಂಜಿಕೆಯೂ ಜೊತೆಗೇ ಬಂದಿತ್ತು. ನಲ್ಲಿಯ ಹತ್ತಿರ, ಆಗಲೇ ಕುರ್ಚಿ ಬಿಟ್ಟು ಎದ್ದುಹೋಗಿದ್ದ ರಂಗವ್ವ ಕಾಲು ತೊಳೆಯುತ್ತ ನಿಂತಿದ್ದಳು.

"ಏನಪಾ?"

"ನೀರು ಕುಡ್ಯಾಕ ಬಂದಿದ್ನಿರಿ."

"ಕುಡಿ ಕುಡಿ. ಭಂಡಾರಕ್ಕ ನೀರು ತಾಗಿಸ್ಕೋಬ್ಯಾಡ ಮತ್ತ," ಎಂದು ರಂಗವ್ವ ನಲ್ಲಿಯನ್ನು ತಾನೇ ತಿರುಗಿಸಿ, ಅವನು ಬೊಗಸೆಯೊಡ್ಡಿ ಕುಡಿಯುವುದನ್ನು ಪ್ರೀತಿಯಿಂದ ನೋಡುತ್ತ ನಿಂತಳು. ಅವನು ಹೊಟ್ಟೆ ತುಂಬ ನೀರು ಕುಡಿದು ವಾಪಸು ಬಂದ.

ನೆರಳಿನಲ್ಲಿ ನಿಂತು ಇನ್ನೊಮ್ಮೆ ಫೋನ್ ಎತ್ತಿದ. ಹೊಂದಲಿಲ್ಲ. ಬಿಸಿಲಿಗೆ ಹೋದ, ಟೋಪಿ ತೆಗೆದ, ಕಣ್ಣು ಅಗಲಿಸಿದ. ಜ್ವರದಿಂದ ಮುಖ ಊದಿಕೊಂಡಾಗಲೂ ಇದೇ ಫೋನು ಒಪ್ಪಿಕೊಂಡಿತ್ತಲ್ಲ, ಈಗಲೂ ಒಪ್ಪೀತು ಎಂದು ಒಳಗೇ ಬೀರಪ್ಪನನ್ನು ನೆನೆದು ಒತ್ತಿದ. ಗೆರೆ ಕೆಂಪಾಯಿತು. ನಿಮ್ಮ ಗುರುತು ದೃಢಪಟ್ಟಿಲ್ಲ, ಖಾತೆಯನ್ನು ತಡೆಹಿಡಿಯಲಾಗಿದೆ, ಪರಿಶೀಲನೆಯ ನಂತರ ತಿಳಿಸಲಾಗುವುದು.

"ಹೋತು," ಎಂದ ಯಾಸೀನ.

ಏನು ಹೋಯಿತು ಎಂದು ಮುದಕಪ್ಪ ಕೇಳಿದ. ಯಾಸೀನ ಹೇಳಿದ: ಭಂಡಾರ ಹಚ್ಚಿದ ಮುಖ ಕಂಪನಿಗೆ ಗುರುತು ಸಿಗಲಿಲ್ಲ, ಕೆಲಸ ನಿಲ್ಲಿಸಿದೆ, ಮತ್ತೆ ಕೊಡುತ್ತದೋ ಇಲ್ಲವೋ ಗೊತ್ತಿಲ್ಲ. ಮುದಕಪ್ಪನಿಗೆ ಇದು ತಮಾಷೆಯೋ ನಿಜವೋ ತಿಳಿಯಲು ತುಸು ಹೊತ್ತು ಬೇಕಾಯಿತು. ಹುಡುಗನ ಮುಖ ನೋಡಿದ ಮೇಲೆ ನಿಜವೆಂದು ತಿಳಿಯಿತು.

"ಹಚ್ಚು ಫೋನು ನಿಮ್ಮ ಸಾಹೇಬ್ರಿಗೆ," ಎಂದು ಎದ್ದು ನಿಂತ. "ನಾ ಮಾತಾಡ್ತೇನಿ. ತಪ್ಪು ನಂದೈತಿ."

ಸಹಾಯಕ್ಕೆಂದು ಇದ್ದ ನಂಬರಿಗೆ ಮಾಳಿಂಗರಾಯ ಫೋನ್ ಹಚ್ಚಿದ. ಅಲ್ಲಿ ಮಾತಾಡುವುದು ಏನೆಂದು ಅವನಿಗೆ ಗೊತ್ತಿತ್ತು. ಹೇಳಬೇಕಿತ್ತು, ಹೇಳಲಿಲ್ಲ. ಇಂದಾದರೂ ಯಾರಾದರೂ ಎತ್ತಬಹುದು ಎಂಬ ಆಸೆ ಅವನಿಗೇ ಇತ್ತು. ಧ್ವನಿ ಎಲ್ಲರಿಗೂ ಕೇಳುವಂತೆ ಮಾಡಿ ಫೋನನ್ನು ಮುದಕಪ್ಪನ ಕೈಗೆ ಕೊಟ್ಟ.

"ನಮಸ್ಕಾರ. ನಿಮ್ಮ ಸಮಸ್ಯೆಯನ್ನು ದಯವಿಟ್ಟು ತಿಳಿಸಿ," ಎಂದಿತು ಹೆಣ್ಣು ದನಿ. ಸಕ್ಕರೆಯಂಥ ದನಿ.

"ಹೆಣ್ಮಗಳು ಅದಾಳ ಸಾಹೇಬ್ರು!" ಎಂದು ರಂಗವ್ವ ಸೆರಗು ಸರಿಮಾಡಿಕೊಂಡಳು. ಮುದಕಪ್ಪ ಚಪ್ಪಲಿ ಕಳಚಿ ಬದಿಗಿಟ್ಟ. ತಲೆಯ ಪಟಗ ನೆಟ್ಟಗೆ ಮಾಡಿಕೊಂಡ. ಫೋನನ್ನು ಎರಡೂ ಕೈಯಲ್ಲಿ ಹಿಡಿದ.

"ನಮಸ್ಕಾರ್ರಿ ಬಾಯಾರ. ನಾ ಮುದಕಪ್ಪ ಅಂತ್ರಿ, ಬದಾಮಿ ಕಡಿಯಾಂವ. ನಿಮ್ಮ ಹುಡುಗ ಮಾಳಿಂಗರಾಯನ ಮಾರಿಗೆ ಭಂಡಾರ ಹಚ್ಚಿದಾಂವ ನಾನರಿ. ಅವಂದು ಏನೂ ತಪ್ಪಿಲ್ರಿ. ದೇವರ ಭಂಡಾರ ಐತ್ರಿ ಅದು, ಮಾರಿ ಮುಚ್ಚಿಕೊಳ್ಳಾಕ ಹಚ್ಚಿದ್ದಲ್ರಿ…"

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ಆರ್ಡರ್ ಕುರಿತಾಗಿದ್ದರೆ ಆರ್ಡರ್ ಎಂದು ಹೇಳಿ. ಹಣ ಪಾವತಿ ಕುರಿತಾಗಿದ್ದರೆ…"

"ರೊಕ್ಕದ್ದಲ್ರಿ. ಹುಡುಗನ ಮಾತ್ರಿ."

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ."

ಬಾಯಾರು ಬೆಂಗಳೂರಿನ ಕಡೆಯವರು, ತನ್ನ ಮಾತು ಅವರಿಗೆ ತಿಳಿಯುತ್ತಿಲ್ಲ ಎಂದುಕೊಂಡ ಮುದಕಪ್ಪ. ಸಾಲೆಯಲ್ಲಿ ಎಂದೋ ಓದಿದ ಕನ್ನಡವನ್ನು ಒಂದೊಂದೇ ಶಬ್ದವಾಗಿ ಹೆಕ್ಕಿ ಜೋಡಿಸಿದ. "ಬಾಯಾರೇ, ನನ್ನ ಮಗಳನ್ನು ಇವನಿಗೆ ಕೊಡಬೇಕು ಅಂತ ಇದ್ದೇನೆ. ಹುಡುಗ ಹೇಗಿದ್ದಾನೆ? ಒಂದು ಮಾತು ಹೇಳಿರಿ. ಸಾಕು."

ತುಸು ಹೊತ್ತು ಫೋನಿನಲ್ಲಿ ಸಂಗೀತ ಬಂತು. ಮುದಕಪ್ಪ ಕಾದ. ರಂಗವ್ವ ಕಾದಳು. ಗಲ್ಲೆ ಬಿಟ್ಟು ಬಂದ ನಜೀರಸಾಬನೂ ಕಾದ.

"ನಿಮ್ಮ ಕರೆಗೆ ಧನ್ಯವಾದಗಳು. ನಮ್ಮ ಸೇವೆ ಹೇಗಿತ್ತು ಎಂದು ಒಂದರಿಂದ ಐದರವರೆಗೆ ಅಂಕ ನೀಡಿ."

"ನಾ ಕೇಳಿದ್ರ ಅಕಿ ನನ್ನ ಕೇಳಾಕತ್ತಾಳಲ್ಲೋ!" ಎಂದು ಮುದಕಪ್ಪ ಗಾಬರಿಯಿಂದ ಮಾಳಿಂಗರಾಯನನ್ನು ನೋಡಿದ. ಅಷ್ಟರಲ್ಲಿ ಫೋನ್ ಕಟ್ಟಾಯಿತು.

"ಅದು ಮನಷ್ಯಾರಲ್ರಿ ಕಾಕಾರ," ಎಂದ ಮಾಳಿಂಗರಾಯ ನೆಲ ನೋಡುತ್ತ. "ಯಂತ್ರ ಮಾತಾಡ್ತೈತ್ರಿ."

ಮುದಕಪ್ಪ ಒಂದು ಕಾಲಿನಿಂದ ಚಪ್ಪಲಿ ಹುಡುಕಿ ಮೆಟ್ಟಿಕೊಂಡ. ಯಂತ್ರದ ಮುಂದೆ ಬರಿಗಾಲಲ್ಲಿ ನಿಂತಿದ್ದಕ್ಕೆ ಅವನಿಗೆ ನಾಚಿಕೆಯಾಗಿತ್ತೋ, ಮಗಳ ಗುಟ್ಟನ್ನು ರಸ್ತೆಯಲ್ಲಿ ಕೂಗಿ ಹೇಳಿದ್ದಕ್ಕೋ, ಅಂತೂ ಮುಖ ಸಣ್ಣದಾಗಿತ್ತು. ಹೆಗಲ ಮೇಲಿನ ಟವೆಲ್ ತೆಗೆದ.

"ಬಾ ಇಲ್ಲೆ," ಎಂದು ಹುಡುಗನ ರಟ್ಟೆ ಹಿಡಿದು ನಲ್ಲಿಯ ಕಡೆ ಕರೆದೊಯ್ದ. ಟವೆಲ್ ತೋಯಿಸಿದ.

ರಂಗವ್ವ ಹಿಂದೆಯೇ ಓಡಿಬಂದಳು. "ಮುದಕಪ್ಪಾ, ಏನ್ ಮಾಡಾಕತ್ತೀ? ಮಾತಿನ್ನೂ ಮುಗಿದಿಲ್ಲೋ!"

"ಅವನ ಅನ್ನ ಹೋಗಾಕತ್ತೈತಿ ಅಕ್ಕಾ. ಬೀರಪ್ಪ ಇದನ್ನ ಬ್ಯಾಡ ಅನ್ನೂದಿಲ್ಲ."

ತನ್ನ ಕೈಯಿಂದಲೇ ಹಣೆ ಒರೆಸಿದ, ಕೆನ್ನೆ ಒರೆಸಿದ, ಗದ್ದ ಎತ್ತಿಸಿ ಕುತ್ತಿಗೆಯ ಮಡಿಕೆಯನ್ನೂ ಬಿಡದೆ ಒರೆಸಿದ. ಮಾಳಿಂಗರಾಯ ಕಣ್ಣು ಮುಚ್ಚಿ ನಿಂತಿದ್ದ. ಬೇಡ ಎನ್ನಬೇಕೆಂದು ಅವನ ಬಾಯಿಗೆ ಬಂದಿತ್ತು. ಬಿಡಿ, ಕೆಲಸ ಹೋದರೆ ಹೋಗಲಿ ಎನ್ನಬೇಕೆಂದೂ ಬಂದಿತ್ತು. ಕೆಲಸ ಹೋದವನಿಗೆ ಹೆಣ್ಣು ಯಾರು ಕೊಡುತ್ತಾರೆ? ಹೇಗೆ ನೋಡಿದರೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು.

"ಈಗ ತಗಿ ಫೋಟೋ."

ಮಾಳಿಂಗರಾಯ ಫೋನ್ ತೆರೆದ. ದುಂಡನೆಯ ಗೆರೆ ಇರಲಿಲ್ಲ. ಒತ್ತಿದಲ್ಲೆಲ್ಲ ಅದೇ ಸಾಲು: ಖಾತೆಯನ್ನು ತಡೆಹಿಡಿಯಲಾಗಿದೆ. ಮೇಲೆ ಮೂಲೆಯಲ್ಲಿ ಅವನ ಹಳೆಯ ಚಿತ್ರವೊಂದು ಕಾಣುತ್ತಿತ್ತು. ರಂಗವ್ವ ಬಗ್ಗಿ ಆ ಚಿತ್ರವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ಅದ ಮಾರಿ ಐತಲ್ಲೋ! ಇಂವನ ಅಂವ. ಹೇಳ್ರೋ ಯಾರರ ಅವ್ರಿಗೆ."

ಯಾರಿಗೆ ಹೇಳಬೇಕು? ಮತ್ತೆ ಬೇವಿನ ಕೆಳಗೆ ಬಂದು ಕೂತರು. ಯಾಸೀನನಿಗೆ ಆರ್ಡರ್ ಬಂತು. ಸಪ್ಪಗೆ ಗಾಡಿ ಚಾಲೂ ಮಾಡಿಕೊಂಡು ಹೋದ. ಮುದಕಪ್ಪ ಮೆಲ್ಲಗೆ ಮಾತಾಡಿದ.

"ನಿನ್ನಾಗ ಕಸರಿಲ್ಲೋ ತಮ್ಮಾ. ಅದು ನನ್ನ ಕಣ್ಣಿಗೆ ಕಾಣ್ತೈತಿ. ಆದ್ರ ನಾಳೆ ನಿನಗೊಂದು ಅನ್ಯಾಯ ಆತಂದ್ರ ನನ್ನ ಮಗಳು ಯಾರ ಬಾಗಿಲಿಗೆ ಹೋಗಿ ಕುಂದ್ರಬೇಕು? ಅದೊಂದು ಹೇಳು."

ಮಾಳಿಂಗರಾಯ ಯೋಚಿಸಿದ. ನಿಜವಾಗಿಯೂ ಯೋಚಿಸಿದ; ಒಂದು ಬಾಗಿಲು ನೆನಪಾದರೆ ಸಾಕಾಗಿತ್ತು. ಕಲ್ಲಿನ ಕಾರ್ಖಾನೆಯ ಗೇಟು ನೆನಪಾಯಿತು, ಅದು ಈಗ ತನ್ನದಲ್ಲ ಎಂಬುದೂ ನೆನಪಾಯಿತು.

"ಕೆರೂರಿನಾವ್ರು ಸೋಮವಾರದೊಳಗ ಉತ್ತರ ಕೇಳ್ಯಾರ," ಎಂದ ಮುದಕಪ್ಪ, ತನಗೇ ಹೇಳಿಕೊಂಡಂತೆ. "ನಾವು ಏಳ್ತೇವಿ ಇನ್ನ."

ಅವರು ಏಳುವಷ್ಟರಲ್ಲಿ ಸವಿತಾ ಆಟೋದಿಂದ ಇಳಿದಳು. ಊಟದ ಬಿಡುವಿಗೆ ಅಂಗಡಿಯಿಂದ ಓಡಿಬಂದಿದ್ದಳು. ಹಣೆಯಲ್ಲಿ ಬೆವರು, ತುಟಿಯಲ್ಲಿ ಅಡಗಿಸಿಟ್ಟ ನಗು. ರಸ್ತೆ ದಾಟುತ್ತಲೇ ಮಾಳಿಂಗರಾಯನ ಮುಖ ನೋಡಿದಳು. ತೊಳೆದ ಮುಖ, ಕಿವಿಯ ಹತ್ತಿರ ಇನ್ನೂ ಆರದ ನೀರು. ರಸ್ತೆಯ ನಡುವೆಯೇ ನಿಂತಳು. ಹಿಂದಿನಿಂದ ಬೈಕೊಂದು ಹಾರ್ನ್ ಹೊಡೆದು ಸುತ್ತುಹಾಕಿಕೊಂಡು ಹೋಯಿತು.

"ನಾನ ಒರಸಿದ್ನಿ," ಎಂದ ಮುದಕಪ್ಪ. "ಅಂವ ಒರಸಿದ್ದಲ್ಲ."

ಸವಿತಾ ಅಪ್ಪನ ಹತ್ತಿರ ಬಂದು, ಅವನ ಕೈಯಲ್ಲಿ ಮುದ್ದೆಯಾಗಿದ್ದ ಟವೆಲ್ಲನ್ನು ತೆಗೆದುಕೊಂಡಳು.

"ಕೊಡು ಇಲ್ಲೆ. ಕಲಿ ಕುಂದರ್ತೈತಿ ಅರಿಸಿಣದ್ದು."

ನಲ್ಲಿಯ ಹತ್ತಿರ ಹೋಗಿ, ಕೆಳಗೆ ಕೂತು, ಟವೆಲ್ಲನ್ನು ನೀರಿಗೆ ಹಿಡಿದು ತಿಕ್ಕತೊಡಗಿದಳು. ಹಳದಿ ನೀರು ಹಾಸುಗಲ್ಲಿನ ಮೇಲೆ ಹರಿದು ಚರಂಡಿಗಿಳಿಯಿತು. ಹಿಂಡಿದಳು, ಮತ್ತೆ ತೋಯಿಸಿದಳು, ಮತ್ತೆ ಹಿಂಡಿದಳು. ನೀರು ತಿಳಿಯಾದ ಮೇಲೂ ಹಿಂಡುತ್ತಲೇ ಇದ್ದಳು. ನಲ್ಲಿ ಬಂದ್ ಮಾಡವ್ವಾ ಎಂದು ಹೇಳಲು ಹಿಂಬಾಗಿಲಿಗೆ ಬಂದ ನಜೀರಸಾಬ, ಹೇಳದೆ ಒಳಗೆ ಹೋದ.